ಸಿಪ್ಪೆಯಿಂದ ಸಿರ್ಸಿಗೆ

ಬೆಳಿಗ್ಗೆ ನೀವು ಹೆರೆದ ಹೀರೇಕಾಯಿಯ ಸಿಪ್ಪೆ ಎಲ್ಲಿಗೆ ಹೋಯಿತು? ಚಟ್ನಿಗೆ ಹೋಯಿತು ಅನ್ನುವ ಜಾಣೆಯರಿಗೆ ನನ್ನ ನಮಸ್ಕಾರ. ಬಾಳೆಕಾಯಿ ಸಿಪ್ಪೆಯ ಪಲ್ಯ, ಕಲ್ಲಂಗಡಿಯ ಬಿಳಿ ಭಾಗದ ದೋಸೆ, ಇವನ್ನೆಲ್ಲ ನಾವು ಮಾಡಿ ಉಂಡವರೇ. ಆದರೂ ಉಳಿಯುವುದು ಉಳಿದೇ ಉಳಿಯುತ್ತದೆ. ಚಹಾದ ಚರಟ, ಮಾವಿನ ವಾಟೆ, ಹಳಸಿದ ಹುಳಿ, ತಟ್ಟೆಯ ಅಂಚಿಗೆ ಮಕ್ಕಳು ಎತ್ತಿಟ್ಟ ಕರಿಬೇವು. ಇವತ್ತು ನಿಮ್ಮ ಹತ್ತಿರ ಮಾತಾಡಬೇಕೆಂದಿರುವುದು ಆ ಉಳಿದದ್ದರ ಬಗ್ಗೆ. ಊಟದ ಹೊತ್ತಿನಲ್ಲಿ ಓದುತ್ತಿದ್ದರೆ ಪತ್ರಿಕೆಯನ್ನು ಪಕ್ಕಕ್ಕಿಡಿ. ಯಾಕೆಂದರೆ ಪಾಯಿಖಾನೆಯಿಂದ ಹೋಗುವುದರ ಬಗ್ಗೆಯೂ ಹೇಳಬೇಕಾಗಿದೆ.

2022ರ ಮಾರ್ಚಿನಲ್ಲಿ ಕೇಂದ್ರದ ರಸ್ತೆ ಸಾರಿಗೆ ಸಚಿವರು ಹೈಡ್ರೋಜನ್ ಕಾರಿನಲ್ಲಿ ಕೂತು ಸಂಸತ್ತಿಗೆ ಬಂದಿಳಿದದ್ದನ್ನು ನೀವೂ ಟಿ.ವಿ.ಯಲ್ಲಿ ನೋಡಿರಬಹುದು. ಕಾರಿನ ಹೆಸರು ಮಿರಾಯ್. ಜಪಾನಿ ಭಾಷೆಯಲ್ಲಿ ಹಾಗೆಂದರೆ ಭವಿಷ್ಯವಂತೆ. ಊರಿನ ಕಸದಿಂದ, ಕೊಳಚೆ ನೀರಿನಿಂದ ಈ ಹೈಡ್ರೋಜನ್ ತೆಗೆಯಬಹುದೆಂದು ಆ ಸಚಿವರು ಹೇಳುತ್ತಲೇ ಬಂದಿದ್ದಾರೆ. ನಮ್ಮ ಯಜಮಾನರು ಅದನ್ನು ಕೇಳಿ, "ನೋಡ್ತಿರು, ನಾಳೆ ನಮ್ಮನೆ ಬಚ್ಚಲಿಗೂ ಮೀಟರ್ ಹಾಕ್ತಾರೆ" ಅಂದರು. ಮನೆಯವರೆಲ್ಲ ನಕ್ಕೆವು. ನಗು ಮುಗಿದ ಮೇಲೆ ನನಗೆ ಮಾತ್ರ ಅದು ತಲೆಯೊಳಗೆ ಉಳಿಯಿತು. ಸಿಪ್ಪೆಯಿಂದ ಕಾರು ಹೇಗೆ ಓಡುತ್ತದೆ? ಎಷ್ಟು ಸಿಪ್ಪೆಗೆ ಎಷ್ಟು ದೂರ? ಅಡುಗೆಮನೆಯ ಲೆಕ್ಕ ಬಲ್ಲವರಿಗೆ ಇದು ಗೊತ್ತಾಗದೆ ಹೋದರೆ ಹೇಗೆ?

ನಾವು ಓದಿದ ಕನ್ನಡ ಶಾಲೆಯಲ್ಲಿ ಹೈಡ್ರೋಜನ್ನಿಗೆ ಜಲಜನಕ ಅನ್ನುತ್ತಿದ್ದರು. ನೀರನ್ನು ಹುಟ್ಟಿಸುವುದು ಅಂತ ಅರ್ಥ. ಪರೀಕ್ಷೆಗೆ ಉರು ಹೊಡೆದ ಆ ಹೆಸರಿನಲ್ಲೇ ಅದರ ಗುಣ ಅಡಗಿದೆ ನೋಡಿ. ಉರಿದಾಗ ಹೊಗೆಯಿಲ್ಲ, ಮಸಿಯಿಲ್ಲ, ಬರುವುದು ನೀರಿನ ಹಬೆ. ತೂಕಕ್ಕೆ ತೂಕ ಇಟ್ಟರೆ ನಮ್ಮ ಅಡುಗೆ ಗ್ಯಾಸಿಗಿಂತ ಎರಡೂವರೆ ಪಟ್ಟು ಶಾಖ ಕೊಡುತ್ತದೆ. ಇಷ್ಟೆಲ್ಲ ಒಳ್ಳೆಯ ಗುಣ ಇದ್ದೂ ಅದು ಒಂಟಿಯಾಗಿ ಸಿಗುವುದು ಅಪರೂಪ. ನೀರಿನಲ್ಲಿ ಆಮ್ಲಜನಕದ ಜೊತೆ, ಸಿಪ್ಪೆ ಸಗಣಿಯಲ್ಲಿ ಇಂಗಾಲದ ಜೊತೆ ಸಂಸಾರ ಹೂಡಿಕೊಂಡಿರುತ್ತದೆ. ಬಿಡಿಸಿ ತರಬೇಕು. ಇವತ್ತು ಲೋಕದಲ್ಲಿ ತಯಾರಾಗುವ ಹೈಡ್ರೋಜನ್ನಿನ ಬಹುಪಾಲು ಬರುವುದು ನೆಲದಡಿಯ ಅನಿಲದಿಂದ, ಕಲ್ಲಿದ್ದಲಿನಿಂದ. ಹಾಗೆ ಮಾಡಿದರೆ ಹೊಗೆ ಕಾರಿನ ಹಿಂದೆ ಬರುವುದಿಲ್ಲ, ಕಾರ್ಖಾನೆಯ ಚಿಮಣಿಯಲ್ಲಿ ಬರುತ್ತದೆ, ಅಷ್ಟೆ. ಅದಕ್ಕೇ ಕೇಂದ್ರ ಸರ್ಕಾರ 2023ರ ಜನವರಿಯಲ್ಲಿ 19,744 ಕೋಟಿ ರೂಪಾಯಿಯ ಹಸಿರು ಹೈಡ್ರೋಜನ್ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಅದೇ ವರ್ಷ ಆಗಸ್ಟಿನಲ್ಲಿ ಯಾವುದನ್ನು 'ಹಸಿರು' ಅನ್ನಬೇಕು ಎಂಬುದಕ್ಕೂ ಅಳತೆ ಹಾಕಿತು. ಬಿಸಿಲು ಗಾಳಿಯ ಕರೆಂಟಿನಿಂದ ನೀರನ್ನು ಒಡೆದು ತೆಗೆದದ್ದು ಮಾತ್ರವಲ್ಲ, ಜೈವಿಕ ಕಸದಿಂದ ತೆಗೆದದ್ದಕ್ಕೂ ಅದರಲ್ಲಿ ಜಾಗವಿದೆ.

ಹೇಗೆ ತೆಗೆಯುತ್ತಾರೆ ಅನ್ನುವುದನ್ನು ಇಡ್ಲಿ ಹಿಟ್ಟಿನಿಂದಲೇ ಶುರು ಮಾಡೋಣ. ರಾತ್ರಿ ರುಬ್ಬಿಟ್ಟ ಹಿಟ್ಟು ಬೆಳಗಾಗುವಾಗ ಪಾತ್ರೆಯ ಬಾಯಿಗೆ ಬಂದಿರುತ್ತದೆ. ಕಣ್ಣಿಗೆ ಕಾಣದ ಜೀವಿಗಳು ಹಿಟ್ಟನ್ನು ಉಂಡು, ಹುಳಿ ಮಾಡಿ, ಗಾಳಿ ಬಿಟ್ಟಿರುತ್ತವೆ. ಗಾಳಿಯಾಡದ ತೊಟ್ಟಿಯಲ್ಲಿ ಹಸಿ ಕಸ ಮುಚ್ಚಿಟ್ಟರೂ ಹೀಗೇ ಹುದುಗು ಬರುತ್ತದೆ. ಅಲ್ಲಿ ಎರಡು ಪಾಳಿಯ ಕೆಲಸ. ಮೊದಲ ಪಾಳಿಯ ಜೀವಿಗಳು ಅನ್ನ, ಸಿಪ್ಪೆಗಳನ್ನು ಕರಗಿಸಿ ಹುಳಿ ಮಾಡುವಾಗ ಹೈಡ್ರೋಜನ್ ಹುಟ್ಟುತ್ತದೆ. ಆದರೆ ಅದು ನಮ್ಮ ಕೈಗೆ ಬರುವ ಮೊದಲೇ ಎರಡನೆಯ ಪಾಳಿಯವು ಬಂದು ಅದನ್ನು ತಿಂದು ಮೀಥೇನ್ ಮಾಡಿಬಿಡುತ್ತವೆ. ಹಳ್ಳಿಯ ಗೋಬರ್ ಗ್ಯಾಸಿನಲ್ಲಿ ಉರಿಯುವುದು ಈ ಮೀಥೇನೇ.

ಹೈಡ್ರೋಜನ್ನೇ ಬೇಕು ಅಂದರೆ ಎರಡನೆಯ ಪಾಳಿಯವರನ್ನು ಬಾಗಿಲಲ್ಲೇ ತಡೆಯಬೇಕು. ವಿಜ್ಞಾನಿಗಳು ಅದಕ್ಕೊಂದು ಉಪಾಯ ಮಾಡುತ್ತಾರೆ. ಕೇಳಿ ನನಗೆ ಆಶ್ಚರ್ಯವಾಯಿತು. ಹೆಪ್ಪಿಗೆ ಹಾಕುವ ಕೊಳಚೆ ಕೆಸರನ್ನು ಮೊದಲು ಕುದಿಸುತ್ತಾರೆ! ನಾವು ಹಾಲು ಕಾಯಿಸಿದ ಹಾಗೆ. ಮೀಥೇನ್ ಮಾಡುವವು ಸಾಯುತ್ತವೆ. ಕ್ಲಾಸ್ಟ್ರಿಡಿಯಂ ಎಂಬ ಜಾತಿಯವು ಗಟ್ಟಿ ಕವಚದೊಳಗೆ ಮುದುಡಿ ಕೂತು ಬದುಕಿ, ತಣ್ಣಗಾದ ಮೇಲೆ ಎದ್ದು ಕೆಲಸಕ್ಕೆ ತೊಡಗುತ್ತವೆ. ಹೈಡ್ರೋಜನ್ ಬಿಡುವವು ಇವೇ. ಆದರೆ ಇವುಗಳ ಕೈ ಬಹಳ ಬಿಗಿ. ಒಂದು ಕೆ.ಜಿ. ಗ್ಲೂಕೋಸ್ ಕೊಟ್ಟರೆ ಪುಸ್ತಕದ ಲೆಕ್ಕದಲ್ಲಿ ಹೆಚ್ಚೆಂದರೆ 44 ಗ್ರಾಂ ಹೈಡ್ರೋಜನ್. ನಿಜವಾಗಿ ಅದರ ಅರ್ಧ ಬಂದರೆ ಪುಣ್ಯ. ಮಿಕ್ಕದ್ದೆಲ್ಲ ಹುಳಿಯಾಗಿ ತಳದಲ್ಲೇ ಉಳಿಯುತ್ತದೆ. ಅದಕ್ಕಾಗಿ ದೊಡ್ಡ ಪ್ರಮಾಣದಲ್ಲಿ ಮಾಡುವವರು ಬೇರೆ ದಾರಿ ಹಿಡಿಯುತ್ತಾರೆ. ಎರಡೂ ಪಾಳಿಯವರಿಗೆ ಕೆಲಸ ಮುಗಿಸಲು ಬಿಟ್ಟು, ಬಂದ ಮೀಥೇನನ್ನು ಶುದ್ಧ ಮಾಡಿ, ಕಡು ಬಿಸಿಯಲ್ಲಿ ನೀರಿನ ಹಬೆಯ ಜೊತೆ ಸೇರಿಸುತ್ತಾರೆ. ಆಗ ಮೀಥೇನಿನಲ್ಲಿದ್ದ ಹೈಡ್ರೋಜನ್ನೂ ಬಿಡುಗಡೆಯಾಗುತ್ತದೆ, ಹಬೆಯಲ್ಲಿದ್ದದ್ದೂ ಬಿಡುಗಡೆಯಾಗುತ್ತದೆ. ಸರಿಯಾಗಿ ಅರ್ಧ ಪಾಲು ನೀರಿನದು.

ಇನ್ನೊಂದು ದಾರಿ ಒಣ ಪದಾರ್ಥಕ್ಕೆ. ಅದನ್ನು ಹೇಳುವ ಮೊದಲು ಒಂದು ಪ್ರಶ್ನೆ. ನಿಮ್ಮಲ್ಲಿ ವಯಸ್ಸಾದವರಿಗೆ ಅಸ್ತ್ರ ಒಲೆ ನೆನಪಿದೆಯೇ? ಮೂರು ಪಾತ್ರೆ ಕೂರುವ, ಹೊಗೆ ಕೊಳವೆಯಿದ್ದ ಮಣ್ಣಿನ ಒಲೆ. ಅಡುಗೆಮನೆಯ ಹೊಗೆಯಿಂದ ಎಷ್ಟೋ ಹೆಂಗಸರ ಕಣ್ಣು ಉಳಿಸಿದ ಒಲೆ ಅದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು ಹಳ್ಳಿಗಳಿಗಾಗಿ ಕಟ್ಟಿದ ಅಸ್ತ್ರ ಎಂಬ ವಿಭಾಗದಿಂದ ಅದು ಬಂದದ್ದು. ಮುಂದೆ ಆ ವಿಭಾಗಕ್ಕೆ ಬೇರೆ ಹೆಸರಾಯಿತು. ಅಲ್ಲಿನ ಪ್ರೊಫೆಸರ್ ದಾಸಪ್ಪ ಮತ್ತು ಅವರ ತಂಡದವರು ಕಟ್ಟಿಗೆ, ಕೃಷಿ ಕಸದಂಥ ಒಣ ಪದಾರ್ಥವನ್ನು ಆಮ್ಲಜನಕ ಮತ್ತು ಹಬೆ ಕೊಟ್ಟು ಬೇಯಿಸಿ ಹೈಡ್ರೋಜನ್ ತೆಗೆದಿದ್ದಾರೆ. ಪೂರ್ತಿ ಉರಿಯಲು ಬಿಡದೆ ಅರೆಬರೆ ಸುಡುವ ವಿದ್ಯೆ ಇದು. 2022ರಲ್ಲಿ ಸುದ್ದಿಯಾಯಿತು. ಒಂದು ಕೆ.ಜಿ.ಗೆ 100 ಗ್ರಾಂ ಹೈಡ್ರೋಜನ್. ತಮಾಷೆಯೆಂದರೆ ಆ ಒಂದು ಕೆ.ಜಿ.ಯಲ್ಲಿ ಇರುವುದೇ 60 ಗ್ರಾಂ! ಉಳಿದ 40 ಎಲ್ಲಿಂದ? ಇಲ್ಲೂ ಹಬೆಯಿಂದಲೇ. ಅಂದರೆ ಜಲಜನಕಕ್ಕೆ ಜಲವೇ ಜನಕ.

ಕೊಳಚೆಯ ವಿಷಯಕ್ಕೆ ಬಂದರೆ ಜಪಾನಿನ ಫುಕುವೋಕಾ ನಗರ ಬಹಳ ಮುಂದೆ ಹೋಯಿತು. ಊರಿನ ಪಾಯಿಖಾನೆ ಬಚ್ಚಲುಗಳಿಂದ ಹರಿದು ಬಂದ ನೀರನ್ನು ಶುದ್ಧ ಮಾಡುವ ಕೇಂದ್ರದಲ್ಲೇ, 2015ರಲ್ಲಿ, ಅಲ್ಲಿನ ಕ್ಯೂಶೂ ವಿಶ್ವವಿದ್ಯಾಲಯ ಮತ್ತು ಕೆಲವು ಕಂಪೆನಿಗಳ ಜೊತೆ ಸೇರಿ ಹೈಡ್ರೋಜನ್ ಬಂಕ್ ತೆರೆದರು. ತಳದಲ್ಲಿ ಕೂತ ಕೆಸರನ್ನು ಹುದುಗಿಸಿದರೆ ಗ್ಯಾಸು ಬರುತ್ತದೆ. ಅದರಲ್ಲಿ ಸುಮಾರು ನೂರಕ್ಕೆ 60 ಪಾಲು ಮೀಥೇನ್, ಉಳಿದದ್ದು ಬಹುಮಟ್ಟಿಗೆ ಇಂಗಾಲದ ಡೈ ಆಕ್ಸೈಡ್. ಜರಡಿ ಹಿಡಿದ ಹಾಗೆ ತೆಳು ಪೊರೆಯಲ್ಲಿ ಸೋಸಿ, ಮೀಥೇನನ್ನು ಹಬೆಯ ಜೊತೆ ಬೇಯಿಸುತ್ತಾರೆ. ಹನ್ನೆರಡು ಗಂಟೆಯಲ್ಲಿ 3,300 ಘನ ಮೀಟರು ಹೈಡ್ರೋಜನ್. 65 ಕಾರುಗಳ ಹೊಟ್ಟೆ ತುಂಬುವಷ್ಟು.

"ಅಷ್ಟೇನಾ? ಇಡೀ ಊರು ಕೂತೆದ್ದು ಬರೀ 65 ಕಾರಾ?" ಅಂದಳು ನಮ್ಮ ಸೊಸೆ. ಅವಳ ಮಾತಿನಲ್ಲಿ ಹುರುಳಿದೆ. ಪತ್ರಿಕೆಯ ತಲೆಬರಹ ನೋಡಿದರೆ ಪೆಟ್ರೋಲ್ ಬಂಕುಗಳೆಲ್ಲ ನಾಳೆಯೇ ಮುಚ್ಚುತ್ತವೆ ಅನ್ನಿಸುತ್ತದೆ. ಹಾಗೇನೂ ಇಲ್ಲ. ಲೆಕ್ಕ ಹಾಕಬೇಕು.

ನಾನು ಹಾಕಿದೆ. ಏಳು ದಿನ ನಮ್ಮ ಮನೆಯ ಹಸಿ ಕಸವನ್ನು ತಕ್ಕಡಿಯಲ್ಲಿ ತೂಗಿದೆ. ಯಜಮಾನರು, ನಾನು, ಮಗ, ಸೊಸೆ, ನಾಲ್ಕೇ ಜನ. ಹಲಸಿನ ಹಣ್ಣು ಬಿಡಿಸಿದ ದಿನವೊಂದನ್ನು ಬಿಟ್ಟರೆ ದಿನಕ್ಕೆ ಹೆಚ್ಚುಕಡಿಮೆ ಒಂದು ಕೆ.ಜಿ. ಈಗ ಇಂದೋರಿಗೆ ಬನ್ನಿ. ಅಲ್ಲಿ 2022ರ ಫೆಬ್ರವರಿಯಲ್ಲಿ ಪ್ರಧಾನಿಯವರು ಉದ್ಘಾಟಿಸಿದ ಸ್ಥಾವರದ ಸಾಮರ್ಥ್ಯ ದಿನಕ್ಕೆ 550 ಟನ್ ಹಸಿ ಕಸ. ಅದರಿಂದ ಸುಮಾರು 17,000 ಕೆ.ಜಿ. ಗ್ಯಾಸು, ಜೊತೆಗೆ 100 ಟನ್ ಗೊಬ್ಬರ. ಭಾಗಿಸಿ ನೋಡಿ, ಒಂದು ಕೆ.ಜಿ. ಕಸಕ್ಕೆ 31 ಗ್ರಾಂ ಗ್ಯಾಸು. ಹಾಗಾದರೆ ನಮ್ಮ ಮನೆಯ ಒಂದು ವರ್ಷದ ಸಿಪ್ಪೆಗೆ 11 ಕೆ.ಜಿ. ಚಿಲ್ಲರೆ. ಮನೆಗೆ ಬರುವ ಸಿಲಿಂಡರಿನಲ್ಲಿ ಇರುವುದು 14.2 ಕೆ.ಜಿ. ವರ್ಷವಿಡೀ ಕೂಡಿಟ್ಟರೂ ಒಂದು ಸಿಲಿಂಡರು ತುಂಬುವುದಿಲ್ಲ.

ಅದನ್ನೇ ಹೈಡ್ರೋಜನ್ ಮಾಡಿದರೆ? ಮೀಥೇನಿನ ತೂಕದ ಅರ್ಧ ತೂಕ ಹೈಡ್ರೋಜನ್ ಬರುತ್ತದೆ ಅನ್ನುವುದು ಪುಸ್ತಕದ ಲೆಕ್ಕ. ಬಿಸಿ ಮಾಡಲು ಒಂದಿಷ್ಟು ಗ್ಯಾಸನ್ನು ಅಲ್ಲೇ ಉರಿಸಬೇಕು, ಸೋಸುವಾಗ ಒಂದಿಷ್ಟು ಹೋಗುತ್ತದೆ. ಧಾರಾಳವಾಗಿ ನಾಲ್ಕು ಕೆ.ಜಿ. ಅನ್ನಿ. ಒಂದು ಕೆ.ಜಿ.ಗೆ ಕಾರು ಸುಮಾರು 100 ಕಿಲೋಮೀಟರು ಓಡುತ್ತದೆ. ನಾಲ್ಕು ಕೆ.ಜಿ.ಗೆ 400. ಬೆಂಗಳೂರಿನಿಂದ ನನ್ನ ತವರು ಸಿರ್ಸಿಗೆ ಸುಮಾರು ಅಷ್ಟೇ ದೂರ. ಒಂದು ವರ್ಷದ ಸಿಪ್ಪೆಯಲ್ಲಿ ನಾನು ತವರಿಗೆ ಒಂದು ಸಲ ಹೋಗಬಹುದು. ವಾಪಸು ಬರಲು ಪಕ್ಕದ ಮನೆಯವರ ಸಿಪ್ಪೆ ಕೇಳಬೇಕು!

ನಗಬೇಡಿ. ಒಂದು ಮನೆಯ ಲೆಕ್ಕ ಸಣ್ಣದು, ಒಂದು ಊರಿನದು ಸಣ್ಣದಲ್ಲ. ಅದೂ ಅಲ್ಲದೆ ಈ ಸಿಪ್ಪೆಯನ್ನು ಸುಮ್ಮನೆ ಗುಡ್ಡೆ ಹಾಕಿ ಬಿಟ್ಟರೂ ಅದು ಮೀಥೇನ್ ಬಿಡುತ್ತಲೇ ಇರುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಭೂಮಿಯನ್ನು ಕಾಯಿಸುವುದರಲ್ಲಿ ಇಂಗಾಲದ ಡೈ ಆಕ್ಸೈಡಿಗಿಂತ ಅದು ಸುಮಾರು 28 ಪಟ್ಟು ಜೋರು. ಕಸದ ಗುಡ್ಡಗಳಿಗೆ ಬೇಸಿಗೆಯಲ್ಲಿ ಬೆಂಕಿ ಬೀಳುವುದರಲ್ಲಿ ಅದರ ಕೈವಾಡವೂ ಉಂಟು. ಹಿಡಿದಿಟ್ಟರೆ ಇಂಧನ, ಬಿಟ್ಟರೆ ಪೀಡೆ.

ತವರಿನ ಮಾತು ಬಂತಲ್ಲ, ಅಲ್ಲಿಯದೊಂದು ಸಂಗತಿ ಹೇಳದೆ ಮುಂದೆ ಹೋಗಲಾರೆ. ಸಿರ್ಸಿ ಸೀಮೆಯ ಅಡಿಕೆ ತೋಟದ ಮನೆಗಳಲ್ಲಿ ಗೋಬರ್ ಗ್ಯಾಸು ಹೊಸದಲ್ಲ. ದೇಶದ ಎಷ್ಟೋ ಕಡೆ ಕಟ್ಟಿದ ಗುಂಡಿಗಳು ಎರಡು ವರ್ಷಕ್ಕೆ ಹಾಳು ಬಿದ್ದರೂ, ಸಿರ್ಸಿಯಲ್ಲಿ ಮಾತ್ರ ಅವು ನಿಲ್ಲದೆ ನಡೆಯುತ್ತಿವೆಯೆಂದು 2001ರಲ್ಲಿ ವಿಜ್ಞಾನಿಗಳು ಬರೆದದ್ದೂ ಉಂಟು. ನಮ್ಮ ಮನೆಯದು ಕಬ್ಬಿಣದ ಡ್ರಮ್ಮಿನದು. ಗ್ಯಾಸು ತುಂಬಿದರೆ ಡ್ರಮ್ಮು ಮೇಲೇಳುತ್ತಿತ್ತು, ಖರ್ಚಾದರೆ ಇಳಿಯುತ್ತಿತ್ತು. ಮನೆಗೆ ನೆಂಟರು ಬಂದು ಉರಿ ಸಣ್ಣಗಾದರೆ ಆಯಿ ನಮ್ಮನ್ನು ಕರೆದು ಡ್ರಮ್ಮಿನ ಮೇಲೆ ಕಲ್ಲು ಹೇರಿಸುತ್ತಿದ್ದಳು. ಒತ್ತಡ ಹೆಚ್ಚಿ ಉರಿ ದೊಡ್ಡದಾಗುತ್ತಿತ್ತು.

1984ರಲ್ಲಿ ಅಪ್ಪ ಮನೆಗೆ ಪಾಯಿಖಾನೆ ಕಟ್ಟಿಸಿದರು. ಅದರ ಕೊಳವೆಯನ್ನು ಗೋಬರ್ ಗ್ಯಾಸಿನ ಗುಂಡಿಗೇ ಜೋಡಿಸುತ್ತೇನೆ ಅಂದರು. ಮನೆಯಲ್ಲಿ ಭೂಕಂಪವಾಯಿತು. ಅಜ್ಜಿ ಮಡಿ ಸೀರೆ ಉಟ್ಟು ದೇವರ ನೈವೇದ್ಯ ಬೇಯಿಸುವವರು. ಸಗಣಿಯ ಗ್ಯಾಸಿಗೆ ಅವರ ತಕರಾರಿರಲಿಲ್ಲ, ಗೋಮಾತೆಯದಲ್ಲವೇ. ಇದು ಮಾತ್ರ ಆಗದು.

"ಬೆಂಕಿಗೆ ಎಂತ ಮೈಲಿಗೆ?" ಅಂತ ಅಪ್ಪ ಕೇಳಿದರು.

"ಬೆಂಕಿಗೆ ಇಲ್ಲೆ. ಯಂಗೆ ಇದ್ದು" ಅಂದರು ಅಜ್ಜಿ.

ಅಪ್ಪ ಜೋಡಿಸಿಯೇಬಿಟ್ಟರು. ಅಜ್ಜಿ ತಮ್ಮ ಕಟ್ಟಿಗೆ ಒಲೆಯನ್ನು ಬಿಡಲಿಲ್ಲ. ಒಂದೇ ಅಡುಗೆಮನೆಯಲ್ಲಿ ಎರಡು ಬೆಂಕಿ. ಆ ವರ್ಷ ಆಷಾಢದಲ್ಲಿ ಮಲೆನಾಡಿನ ಮಳೆ ಹೇಗೆ ಹಿಡಿಯುತ್ತದೋ ಹಾಗೆ ಹಿಡಿಯಿತು. ಕಟ್ಟಿಗೆಯೆಲ್ಲ ಹಸಿ. ಹೊಗೆಯಲ್ಲಿ ಅಜ್ಜಿಯ ಕೆಮ್ಮು ರಾತ್ರಿಯೆಲ್ಲ ಜಗಲಿಗೆ ಕೇಳುತ್ತಿತ್ತು. ಒಂದು ಮುಂಜಾನೆ ಅವರು ಆಯಿಯನ್ನು ಕರೆದು, ಗ್ಯಾಸಿನ ಮೇಲೇ ಒಂದು ಲೋಟ ಕಾಫಿ ಮಾಡಿಕೊಡು ಅಂದರು. ಯಾರೂ ಏನೂ ಕೇಳದಿದ್ದರೂ ಅವರೇ ಹೇಳಿದರು, "ಕಾಫಿಗೆ ಮಡಿ ಇಲ್ಲೆ." ಅವತ್ತಿನಿಂದ ಕಾಫಿ ಗ್ಯಾಸಿನದು, ನೈವೇದ್ಯ ಕಟ್ಟಿಗೆಯದು. ಕೊನೆಯವರೆಗೂ ಹಾಗೇ ನಡೆಯಿತು. ಗುಂಡಿಯಿಂದ ಹೊರಬಂದ ಬಗ್ಗಡ ಮಾತ್ರ ಅಡಿಕೆ ಮರದ ಬುಡಕ್ಕೆ ಹೋಗುತ್ತಿತ್ತು. ಆ ಮರದ ಅಡಿಕೆಯನ್ನು ಅಜ್ಜಿ ಕವಳದಲ್ಲಿ ಹಾಕಿ, ಈ ವರ್ಷದ್ದು ಚೊಲೋ ಇದ್ದು ಅಂತ ಹೊಗಳುತ್ತಿದ್ದರು. ನಾವು ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದೆವು.

ಅಜ್ಜಿಯನ್ನು ನೋಡಿ ನಗುವುದು ಸುಲಭ. ನನಗೆ ಈಗ ಹಾಗೆ ಅನ್ನಿಸುವುದಿಲ್ಲ. ಅವರ ಮೈಲಿಗೆ ಅವರ ಕಣ್ಣ ಮುಂದೆ ಇತ್ತು. ಗುಂಡಿ ಹಿತ್ತಲಲ್ಲೇ, ಬಗ್ಗಡ ಎತ್ತುವವರು ಮನೆಯವರೇ. ಪಟ್ಟಣದಲ್ಲಿ ನಾವೇನು ಮಾಡಿದೆವು? ಅಸಹ್ಯವನ್ನು ಗಂಟು ಕಟ್ಟಿ ಇನ್ನೊಬ್ಬರ ಕೈಗೆ ಕೊಟ್ಟೆವು. ನಮ್ಮ ರಾಜ್ಯದಲ್ಲಿ ಮಲ ಹೊರುವ ಪದ್ಧತಿಯನ್ನು 1970ರ ದಶಕದ ಆರಂಭದಲ್ಲೇ ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿ ನಿಷೇಧಿಸಿದರು. ದೇಶಕ್ಕೆ 1993ರಲ್ಲಿ ಒಂದು ಕಾನೂನು, 2013ರಲ್ಲಿ ಇನ್ನೊಂದು ಬಂತು. ಹಾಗಿದ್ದೂ ಮ್ಯಾನ್‌ಹೋಲಿಗೆ ಇಳಿದು ಸತ್ತವರ ಕುಟುಂಬಕ್ಕೆ ಕೊಡುವ ಪರಿಹಾರವನ್ನು ಹತ್ತು ಲಕ್ಷದಿಂದ ಮೂವತ್ತು ಲಕ್ಷಕ್ಕೆ ಏರಿಸಬೇಕೆಂದು ಸುಪ್ರೀಂ ಕೋರ್ಟು 2023ರಲ್ಲಿ ಹೇಳಬೇಕಾಯಿತು. ಆ ಗುಂಡಿಯಲ್ಲಿ ಕೊಲ್ಲುವ ಗಾಳಿ, ಫುಕುವೋಕಾದಲ್ಲಿ ಕಾರು ಓಡಿಸುವ ಗಾಳಿ, ಎರಡೂ ಒಂದೇ ಕೆಸರಿನ ಹುದುಗಿನಿಂದ ಹುಟ್ಟಿದ್ದು.

ಬೆಂಗಳೂರಿನ ಕಸ ಬಹಳ ವರ್ಷ ಊರಾಚೆಯ ಹಳ್ಳಿಗಳಿಗೆ ಹೋಗಿ ಬೀಳುತ್ತಿತ್ತು. ಮಾವಳ್ಳಿಪುರದಲ್ಲಿ 2012ರಲ್ಲಿ ನಿಂತಿತು. ಆಮೇಲೆ ಹೊರೆಯೆಲ್ಲ ಮಂಡೂರಿಗೆ. ಅಲ್ಲಿ ಕಸದಿಂದ ಕರೆಂಟು ತೆಗೆಯುತ್ತೇವೆ ಅನ್ನುವ ಮಾತಿತ್ತು. ಕರೆಂಟು ಬರಲಿಲ್ಲ, ಕಸ ಬಂತು. ನೊಣ, ನಾತ, ಕೆಟ್ಟ ನೀರು ತಾಳಲಾರದೆ ಆ ಊರಿನ ಜನ 2014ರಲ್ಲಿ ಲಾರಿಗಳ ಮುಂದೆ ನಿಂತರು. ಆ ವರ್ಷದ ಡಿಸೆಂಬರಿನಿಂದ ಅಲ್ಲಿ ಕಸ ಹಾಕುವುದು ನಿಂತಿತು. ಯಂತ್ರದ ಸುದ್ದಿ ಬಂದಾಗಲೆಲ್ಲ ನನಗೆ ಮಂಡೂರು ನೆನಪಾಗುತ್ತದೆ. ಎಲ್ಲ ಸೇರಿಸಿ ಕಲಸಿದ ಕಸವನ್ನು ಯಾವ ಯಂತ್ರಕ್ಕೆ ಹಾಕಿದರೂ ಅದು ಉಗುಳುತ್ತದೆ. ಹುದುಗುವ ತೊಟ್ಟಿಗೆ ಪ್ಲಾಸ್ಟಿಕ್ಕು, ಗಾಜು, ಫಿನಾಯಿಲು ಬಿದ್ದರೆ ಜೀವಿಗಳು ಕೆಲಸ ನಿಲ್ಲಿಸುತ್ತವೆ. ಸುಡುವ ಕುಲುಮೆಗೆ ನೀರು ಸೋರುವ ಸಿಪ್ಪೆ ಬಿದ್ದರೆ ಅದನ್ನು ಒಣಗಿಸುವುದಕ್ಕೇ ಶಾಖವೆಲ್ಲ ಮುಗಿಯುತ್ತದೆ. ಇಂದೋರಿನದು ನಡೆಯುವುದು ಅಲ್ಲಿನ ಮನೆಗಳಲ್ಲಿ ಕಸ ಬೇರೆಯಾಗಿ ಬರುವುದರಿಂದ. ಬೇಳೆಯಲ್ಲಿ ಕಲ್ಲು ಆರಿಸದೆ ಕುಕ್ಕರಿಗೆ ಹಾಕುವವರುಂಟೇ?

ಹಾಗಾದರೆ ಆರಿಸುವವರು ಯಾರು? ನಮ್ಮ ಬೀದಿಗೆ ಬೆಳಿಗ್ಗೆ ಆಟೋ ಜೊತೆ ಬರುವ ಹೆಂಗಸಿದ್ದಾಳೆ. ಮೂವತ್ತೈದು ಇರಬಹುದು. ಒಂದು ದಿನ ಅವಳ ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು. ಯಾರದೋ ಮನೆಯ ಕವರಿನಲ್ಲಿ ಅನ್ನದ ನಡುವೆ ಬ್ಲೇಡು.

"ಗ್ಲೌಸ್ ಕೊಟ್ಟಿಲ್ವೇನಮ್ಮಾ?" ಅಂದೆ.

"ಕೊಟ್ಟವ್ರೆ ಅಮ್ಮ. ಹಾಕ್ಕಂಡ್ರೆ ಗಂಟು ಬಿಚ್ಚಕ್ಕಾಗಲ್ಲ."

ನಾನು ಅಲ್ಲೇ ನಿಂತೆ. ನಾವು ಕಸದ ಕವರಿಗೆ ಎರಡು ಗಂಟು ಬಿಗಿಯುವುದು ನಾತ ಬಾರದಿರಲಿ ಅಂತ. ನಮ್ಮ ಮೂಗಿಗೆ. ಆ ಗಂಟನ್ನು ಬಿಚ್ಚುವುದು ಅವಳ ಬರಿಗೈ, ದಿನಕ್ಕೆ ನೂರಾರು ಸಲ. ಬಿಚ್ಚಿದರೆ ಒಳಗೆ ಅನ್ನದ ಜೊತೆ ಡಯಾಪರು, ನ್ಯಾಪ್‌ಕಿನ್ನು, ಒಡೆದ ಬಳೆ. ಎಲ್ಲಿ ಯಾವ ತಂತ್ರಜ್ಞಾನ ಬಂದರೂ ಅದರ ಮೊದಲ ಯಂತ್ರ ಈ ಕೈಯೇ ಆಗಿರುವುದು ಸರಿಯೇ? ಒಂದು ಕಾಲಕ್ಕೆ ಇದೇ ಅಸ್ತ್ರದವರು ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ ಊರಿಗೆಲ್ಲ ಸೇರಿದ ಗೋಬರ್ ಗ್ಯಾಸು ಕಟ್ಟಿಸಿದ್ದರು. 1987ರಿಂದ ಅದರ ಕರೆಂಟಿನಲ್ಲಿ ಊರಿಗೆ ದೀಪ ಉರಿಯಿತು, ಕುಡಿಯುವ ನೀರು ಮೇಲೆ ಬಂತು. ಸಗಣಿ ತಂದು ಹಾಕಿದವರಿಗೆ ತೂಕಕ್ಕೆ ತಕ್ಕ ದುಡ್ಡು, ಜೊತೆಗೆ ಅವರ ಪಾಲಿನ ಬಗ್ಗಡ ವಾಪಸು. ತಂದುಕೊಡುವವರಿಗೂ ಒಂದು ಬೆಲೆಯುಂಟು ಅನ್ನುವುದನ್ನು ಆ ಹಳ್ಳಿಯಲ್ಲಿ ಲೆಕ್ಕದ ಪುಸ್ತಕದಲ್ಲೇ ಬರೆದಿದ್ದರು. ಸಾವಿರಾರು ಕೋಟಿಯ ಯೋಜನೆಗಳಲ್ಲಿ ಆ ಸಾಲು ಎಲ್ಲಿದೆ ಅಂತ ನಾನು ಹುಡುಕುತ್ತಿರುತ್ತೇನೆ.

ಇನ್ನು ನಿಮ್ಮಲ್ಲಿ ಕೆಲವರು ಕೇಳಿಯೇ ಕೇಳುತ್ತೀರಿ, ಈ ಹೈಡ್ರೋಜನ್ ನಮ್ಮ ಒಲೆಗೆ ಯಾವಾಗ ಬರುತ್ತದೆ ಅಂತ. ಬರದಿದ್ದರೇ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ಅಡುಗೆ ಗ್ಯಾಸು ಸೋರಿದರೆ ಮೂಗಿಗೆ ಗೊತ್ತಾಗುವುದು ಅದಕ್ಕೆ ಬೇಕೆಂದೇ ನಾತ ಬೆರೆಸಿರುವುದರಿಂದ. ಹೈಡ್ರೋಜನ್ನಿಗೆ ಸ್ವಂತ ವಾಸನೆಯಿಲ್ಲ, ಬಣ್ಣವಿಲ್ಲ, ಹಗಲು ಬೆಳಕಿನಲ್ಲಿ ಅದರ ಉರಿಯೂ ಕಾಣುವುದಿಲ್ಲವೆನ್ನಬಹುದು. ಕಾರಿನ ತೊಟ್ಟಿಯಲ್ಲಿ ಅದನ್ನು ಗಾಳಿಯ ಒತ್ತಡದ 700 ಪಟ್ಟು ಒತ್ತಿ ತುಂಬುತ್ತಾರೆ. ಅಂಥದ್ದನ್ನು ಒಗ್ಗರಣೆ ಸಟ್ಟುಗದ ಪಕ್ಕ ಇಟ್ಟುಕೊಳ್ಳುವ ಧೈರ್ಯ ನನಗಿಲ್ಲ. ಸಿಪ್ಪೆಯಿಂದ ಮೀಥೇನ್ ಬಂದಮೇಲೆ ಒಲೆಗೆ ಅದೇ ಸಾಕು. ಅದನ್ನು ಮತ್ತೆ ಬೇಯಿಸಿ, ಸೋಸಿ, ಒಂದಿಷ್ಟು ಕಳೆದುಕೊಂಡು ಹೈಡ್ರೋಜನ್ ಮಾಡುವುದು ರಸಗೊಬ್ಬರದ ಕಾರ್ಖಾನೆಗೋ, ದೂರದ ಲಾರಿ ಬಸ್ಸುಗಳಿಗೋ ಇರಲಿ. ತೆಂಗಿನ ಕರಟ, ಗರಿ, ಒಣ ಕಡ್ಡಿಗಳು ವಿಜ್ಞಾನ ಸಂಸ್ಥೆಯವರ ದಾರಿ ಹಿಡಿಯಲಿ. ಕೊಳಚೆಯ ಕೆಸರು ಫುಕುವೋಕಾದ ದಾರಿ ಹಿಡಿಯಲಿ, ಆದರೆ ಗುಂಡಿಗೆ ಮನುಷ್ಯ ಇಳಿಯದೆ.

ನಮ್ಮ ಪಾಲಿನದು ತೀರಾ ಸಣ್ಣ ಕೆಲಸ. 2015ರ ಡಿಸೆಂಬರಿನಲ್ಲೇ ಹೈಕೋರ್ಟು ಬೆಂಗಳೂರಿಗೆ ಎರಡು ಬುಟ್ಟಿ, ಒಂದು ಚೀಲ ಎಂಬ ಕ್ರಮ ಹೇಳಿತು. ಹಸಿರು ಬುಟ್ಟಿ ಸಿಪ್ಪೆಗೆ, ಕೆಂಪು ಬುಟ್ಟಿ ನ್ಯಾಪ್‌ಕಿನ್, ಡಯಾಪರು, ಬ್ಯಾಂಡೇಜಿಗೆ, ಚೀಲ ಒಣ ಕಸಕ್ಕೆ. ನಾನು ಅದಕ್ಕೆ ಎರಡು ಮಾತು ಸೇರಿಸುತ್ತೇನೆ. ಹಸಿ ಕಸವನ್ನು ಪ್ಲಾಸ್ಟಿಕ್ ಕವರಿಗೆ ಹಾಕಬೇಡಿ. ಬುಟ್ಟಿಯ ತಳಕ್ಕೆ ಒಂದು ಹಳೆಯ ಪತ್ರಿಕೆಯ ಹಾಳೆ ಹಾಸಿ (ಇದೇ ಪತ್ರಿಕೆಯದಾದರೂ ನಾನು ಬೇಸರ ಮಾಡಿಕೊಳ್ಳುವುದಿಲ್ಲ), ಮೇಲೆ ಒಂದು ಹಿಡಿ ಒಣ ಎಲೆ ಉದುರಿಸಿದರೆ ನಾತ ಅಷ್ಟಾಗಿ ಬಾರದು. ಆಟೋ ಬಂದಾಗ ನೀವೇ ಬುಟ್ಟಿಯನ್ನು ಬೋರಲು ಹಾಕಿ. ನ್ಯಾಪ್‌ಕಿನ್ನನ್ನು ಕಾಗದದಲ್ಲಿ ಸುತ್ತಿ ಮೇಲೆ ಕೆಂಪು ಶಾಯಿಯಲ್ಲಿ ದೊಡ್ಡ ಗುಣಾಕಾರದ ಗುರುತು ಹಾಕಿ, ಬಿಚ್ಚಿ ನೋಡುವ ಅಗತ್ಯ ಯಾರಿಗೂ ಬರುವುದಿಲ್ಲ. ಬ್ಲೇಡು, ಒಡೆದ ಗಾಜು ಹಳೆಯ ಡಬ್ಬಿಯೊಳಗೆ, ಮುಚ್ಚಳ ಹಾಕಿ, ಬೇರೆಯಾಗಿ ಕೈಗೆ ಕೊಟ್ಟು ಹೇಳಿ.

ನಮ್ಮ ಬೀದಿಯಲ್ಲಿ ಹನ್ನೊಂದು ಮನೆ. ಒಂಬತ್ತು ಮನೆಯವರು ಗಂಟು ಹಾಕುವುದನ್ನು ಬಿಟ್ಟಿದ್ದಾರೆ. ಹತ್ತನೆಯವರು ಮನಸ್ಸು ಮಾಡುತ್ತಿದ್ದಾರೆ. ಹನ್ನೊಂದನೆಯ ಮನೆಯ ಹಿರಿಯರು, "ಅವರಿಗೆ ಸಂಬಳ ಕೊಡೋದು ಯಾಕೆ?" ಅನ್ನುತ್ತಾರೆ. ಅವರ ಹತ್ತಿರ ಮಾತಾಡುವ ಕೆಲಸವನ್ನು ಯಜಮಾನರಿಗೆ ವಹಿಸಿದ್ದೇನೆ. ಅವಳು ಈಗ ಗ್ಲೌಸು ಹಾಕಿಕೊಂಡು ಬರುತ್ತಾಳೆ, ಆ ಮನೆಯ ಮುಂದೆ ಮಾತ್ರ ಬಲಗೈಯದನ್ನು ಕಳಚುತ್ತಾಳೆ. ಇನ್ನು ಉಳಿದಿರುವುದು ತೆಂಗಿನ ಕರಟದ ಜಗಳ. ಹಸಿರು ಬುಟ್ಟಿಯ ಆಟೋದವನು ತೊಟ್ಟಿಯಲ್ಲಿ ಅದು ಕರಗಲ್ಲ ಅಂತ ವಾಪಸು ಕೊಡುತ್ತಾನೆ, ಒಣ ಕಸದವನು ಇದಕ್ಕೆ ದುಡ್ಡು ಹುಟ್ಟಲ್ಲ ಅಂತ ವಾಪಸು ಕೊಡುತ್ತಾನೆ. ಸದ್ಯಕ್ಕೆ ನಮ್ಮ ಮೆಟ್ಟಿಲ ಕೆಳಗೆ ಎರಡು ಗೋಣಿಚೀಲ ಕರಟ ತುಂಬಿ ಕೂತಿದೆ. ನಿಮ್ಮ ಊರಿನಲ್ಲಿ ಅದನ್ನು ಯಾವ ಬುಟ್ಟಿಗೆ ಹಾಕುತ್ತೀರಿ? ಪತ್ರಿಕೆಯ ವಿಳಾಸಕ್ಕೆ ಒಂದು ಕಾರ್ಡು ಬರೆದು ತಿಳಿಸಿ.